ಅಕ್ಯುಮುಲೇಟರ್ ತುಂಬುವ ತನಕ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಪ್ರಾಂಶುಪಾಲರು ಠಾಣೆಗೆ ಬಂದು ದೂರು ಕೊಟ್ಟರು. ಭೌತಶಾಸ್ತ್ರದ ಪ್ರಯೋಗಾಲಯದಿಂದ ಗಾಜಿನ ಜಾಡಿಯ ಆರು ಹಳೆಯ ಬ್ಯಾಟರಿಗಳು ಕಳುವಾಗಿವೆ, ಬೀಗ ಒಡೆದಿಲ್ಲ, ಕೀಲಿಕೈ ಇರುವುದು ಅಟೆಂಡರನ ಬಳಿ. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನಕ್ಕೆ ಅಟೆಂಡರನನ್ನು ಲಾಕಪ್ಪಿಗೆ ಹಾಕಿದ್ದೂ ಆಯಿತು. ಮರುದಿನ ಮಧ್ಯಾಹ್ನದೊಳಗೆ ಅವನನ್ನು ನ್ಯಾಯಾಲಯದಲ್ಲಿ ನಿಲ್ಲಿಸಬೇಕು. ನಿಲ್ಲಿಸಿದರೆ ಅವನ ಕೆಲಸ ಹೋದಂತೆಯೇ.

ಪ್ರಯೋಗಾಲಯದ ಪಂಚನಾಮೆ ಮುಗಿಸಿ ಬಂದ ಮೇಲೆ ಇನ್ಸ್‌ಪೆಕ್ಟರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬ್ಯಾಟರಿಯೊಳಗಿನ ಸೀಸದ ಆಸೆಗೆ ಕದ್ದವನು ಮೊದಲು ಆಸಿಡ್ ಚೆಲ್ಲಿ ಭಾರ ಇಳಿಸಿಕೊಳ್ಳುತ್ತಾನೆ. ಅಲ್ಲಿ ನೆಲದ ಮೇಲಾಗಲಿ ಮೋರಿಯಲ್ಲಾಗಲಿ ಒಂದು ಹನಿಯ ಕಲೆ ಇರಲಿಲ್ಲ. ಬಾಗಿಲ ತನಕ ಧೂಳಿನಲ್ಲಿ ಎರಡು ಸಣಕಲು ಗಾಲಿಗಳ ಗೆರೆ ಮಾತ್ರ ಇತ್ತು.

“ಕೂಸನ್ನ ಕೂರಿಸ್ಕೊಂಡು ಹೋದ ಹಾಗೆ ಹೋಗಿದಾನೆ ಸಾರ್ ಕಳ್ಳ,” ಎಂದ ಉದ್ದನೆಯ ಪೇದೆ.

ಅಟೆಂಡರನ ವಿಚಾರಣೆ ಬೇಗ ಮುಗಿಯಿತು.

“ಕೀಲಿಕೈ ಯಾರಿಗೆ ಕೊಟ್ಟಿದ್ದೆ?”

“ಯಾರಿಗೂ ಇಲ್ಲ ಸಾರ್.”

“ಅವು ಯಾರಿಗೆ ಬೇಕು?”

“ಯಾರಿಗೂ ಬೇಡ ಸಾರ್. ಈ ಶುಕ್ರವಾರ ಗುಜರಿಯವನು ತೂಕಕ್ಕೆ ತಗೊಂಡು ಹೋಗೋನಿದ್ದ.” ಆಮೇಲೆ ಹೇಳಿದ: “ನನ್ನ ಹೆಂಡ್ತಿಗೆ, ಕಾಲೇಜಲ್ಲಿ ಕೆಲಸ ಜಾಸ್ತಿ ಇದೆ ಅಂತ ಹೇಳಿ ಸಾರ್. ಅವಳು ನಂಬಲ್ಲ. ಆದ್ರೂ ಹೇಳಿ.”

ಸಂಜೆ ಆ ಪ್ರಯೋಗಾಲಯದ ನಿವೃತ್ತ ಮೇಷ್ಟ್ರು ಬಂದರು. ಅಟೆಂಡರನನ್ನು ಕಂಬಿಯಾಚೆಯಿಂದ ನೋಡಿ, ಇನ್ಸ್‌ಪೆಕ್ಟರ ಎದುರು ಬಂದು ಕೂತರು.

“ಅವನು ಒಳ್ಳೆಯವನು. ಆ ಅಕ್ಯುಮುಲೇಟರುಗಳನ್ನ ಕದಿಯೋನಲ್ಲ.”

“ಬ್ಯಾಟರಿ ಅಂದ್ರಲ್ಲ ಪ್ರಾಂಶುಪಾಲರು?”

“ಈಗ ಎಲ್ಲದಕ್ಕೂ ಬ್ಯಾಟರಿ ಅಂತಾರೆ. ಟಾರ್ಚಿನ ಸೆಲ್ಲು ತನ್ನಲ್ಲಿರೋದನ್ನ ಕೊಟ್ಟು ಮುಗಿದುಹೋಗುತ್ತೆ. ಅಕ್ಯುಮುಲೇಟರ್ ಅಂದ್ರೆ ಕೂಡಿಟ್ಟುಕೊಳ್ಳೋದು. ನಾವು ತುಂಬಿದ್ದನ್ನ ಇಟ್ಟುಕೊಂಡು ವಾಪಸ್ ಕೊಡುತ್ತೆ. ಮತ್ತೆ ತುಂಬಬಹುದು. ಬರಿದಾಗಿ ಬಿಟ್ಟರೆ ಮಾತ್ರ ಸೀಸದ ಮೇಲೆ ಬಿಳಿ ಕಟ್ಟಿ ಸಾಯುತ್ತೆ.”

ಅವರು ಹೋದ ಮೇಲೂ ಆ ಮಾತು ಇನ್ಸ್‌ಪೆಕ್ಟರ ತಲೆಯಲ್ಲಿ ಕೊರೆಯುತ್ತಿತ್ತು. ಆಸಿಡ್ ಚೆಲ್ಲದೆ ಒಯ್ದವನಿಗೆ ಬೇಕಾದದ್ದು ಸೀಸವಲ್ಲ. ಅವು ಬದುಕಬೇಕು. ಬದುಕಬೇಕಾದರೆ, ನೀರು ಆವಿಯಾಗಿ ತಗ್ಗಿದ ಜಾಡಿಗೆ ಶುದ್ಧ ನೀರು ಬೇಕು.

ಮಂಗಳವಾರ ಬೆಳಿಗ್ಗೆ ಡಿಸ್ಟಿಲ್ಡ್ ವಾಟರ್ ಮಾರುವ ಅಂಗಡಿಗಳನ್ನು ಹುಡುಕಿಕೊಂಡು ಹೊರಟರು. ಮೂರನೆಯ ಅಂಗಡಿಯವನು ಕೇಳಿದ ಕೂಡಲೇ ತಲೆ ಚಚ್ಚಿಕೊಂಡ.

“ಭಾನುವಾರ ಒಬ್ಬರು ಹಿರಿಯರು ಬಂದಿದ್ರು ಸಾರ್. ಅಕ್ಯುಮುಲೇಟರಿಗೆ ನೀರು ಕೊಡಿ ಅಂದ್ರು. ಹಾಗಂದ್ರೇನು ಯಜಮಾನ್ರೇ ಅಂತ ಒಂದು ಮಾತು ಕೇಳಿದ್ದೇ ತಪ್ಪಾಯ್ತು. ಪೂರ್ತಿ ಪಾಠ ಮಾಡಿದ್ರು. ಮೂರು ಗಿರಾಕಿ ವಾಪಸ್ ಹೋದ್ರು.”

“ನಿಮಗೆ ಅರ್ಥ ಆಯ್ತಾ?”

“ಗಿರಾಕಿ ಹೋಗಿದ್ದು ಅರ್ಥ ಆಯ್ತು.”

ಗಂಟೆ ಹನ್ನೊಂದು ದಾಟಿತ್ತು. ಮೇಷ್ಟ್ರ ಮನೆಯ ಜಗುಲಿಯಲ್ಲಿ ರೋಗಿಗಳ ಗಾಲಿಕುರ್ಚಿಯೊಂದು ನಿಂತಿತ್ತು. ಪೇದೆ ಅದರ ಸಣಕಲು ಗಾಲಿಗಳನ್ನು ಇನ್ಸ್‌ಪೆಕ್ಟರಿಗೆ ಕಣ್ಸನ್ನೆಯಲ್ಲಿ ತೋರಿಸಿದ. ಒಳಕೋಣೆಯಲ್ಲಿ ಮಂಚವನ್ನು ಗೋಡೆಗೆ ಸರಿಸಿ ಉದ್ದದ ಮೇಜು ಹಾಕಿತ್ತು. ಅದರ ಮೇಲೆ ಆರು ಗಾಜಿನ ಜಾಡಿಗಳು ಸಾಲಾಗಿದ್ದವು. ಚಾರ್ಜರಿನ ತಂತಿ ಸಿಕ್ಕಿಸಿತ್ತು. ಒಂದೊಂದರಲ್ಲೂ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

“ಕೀಲಿಕೈ?”

“ನನ್ನ ಹತ್ತಿರ ಒಂದಿತ್ತು. ಯಾರೂ ವಾಪಸ್ ಕೇಳಲಿಲ್ಲ.” ಮೇಷ್ಟ್ರು ಜಾಡಿಗಳಿಂದ ಕಣ್ಣು ತೆಗೆಯಲಿಲ್ಲ. “ಸಂಜೆ ತನಕ ಬಿಡಿ ಇನ್ಸ್‌ಪೆಕ್ಟರೇ. ಈಗಷ್ಟೇ ಚಾರ್ಜ್ ಹಿಡ್ಕೊಳ್ತಾ ಇವೆ. ಆಮೇಲೆ ನಾನೇ ಬರ್ತೀನಿ.”

“ಅಟೆಂಡರ್ ಒಳಗಿದಾನೆ. ನಿನ್ನೆ ಕಣ್ಣಾರೆ ನೋಡಿದ್ರಿ.”

“ನೋಡಿದೆ.”

“ಆಗಲೇ ಹೇಳಬಹುದಿತ್ತಲ್ಲ?”

“ಹೇಳೋಣ ಅಂತಲೇ ಬಂದೆ. ಹೇಳಿದ್ರೆ ನೀವು ನಿಲ್ಲಿಸ್ತೀರಿ ಅಂತ ಬಾಯಿ ಬರಲಿಲ್ಲ. ಇನ್ನೊಂದು ದಿನ ತಾನೇ, ಅವನು ತಡ್ಕೊಳ್ತಾನೆ ಅಂದುಕೊಂಡೆ.”

“ಅವನ ಕೆಲಸ ಹೋಗುತ್ತೆ ಮೇಷ್ಟ್ರೇ.”

ಮೇಷ್ಟ್ರು ಗೋಡೆಗೆ ಸರಿಸಿದ ಮಂಚದತ್ತ ತಿರುಗಿದರು.

“ಹೋದ ವರ್ಷ ನಮ್ಮ ಮನೆಯವಳಿಗೆ ಹೀಗೇ ಅಂದ್ರು ಡಾಕ್ಟರು. ಇನ್ನು ಏನು ಕೊಟ್ಟರೂ ಮೈಗೆ ಹಿಡಿಯಲ್ಲ, ನಿಲ್ಲಿಸೋಣ ಅಂದ್ರು. ನನಗೆ ಆ ವಿದ್ಯೆ ತಿಳಿಯದು. ಸರಿ ಅಂದೆ. ಮೂರನೇ ದಿನ ದೇವರು ಕರ್ಕೊಂಡ. ಇವಕ್ಕೂ ಕಾಲೇಜಿನವರು ಅದನ್ನೇ ಹೇಳಿದ್ರು, ಹಿಡಿಯಲ್ಲ ಅಂತ.” ಅವರ ಧ್ವನಿ ತಗ್ಗಿತು. “ಇದು ನನಗೆ ತಿಳಿದಿರೋ ವಿಷಯ.”

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಠಾಣೆಗೆ ಫೋನು ಮಾಡಿ, ಅಟೆಂಡರನನ್ನು ನ್ಯಾಯಾಲಯಕ್ಕೆ ಹೊರಡಿಸಬೇಡಿ, ಬಿಟ್ಟುಬಿಡಿ ಎಂದರು. ಹನ್ನೊಂದು ಐವತ್ತಕ್ಕೆ ಮೇಷ್ಟ್ರನ್ನು ಬಂಧಿಸಿದರು. ಸ್ವಿಚ್ಚಿಗೆ ಪೇದೆ ಕೈ ಹಾಕಿದಾಗ ಮೇಷ್ಟ್ರು ಅವನನ್ನು ತಡೆದು, ತಾವೇ ಆರಿಸಿದರು. ಗುಳ್ಳೆಗಳು ನಿಂತವು.

ಜೀಪಿನಲ್ಲಿ ಪೇದೆಗೆ ತಡೆಯಲಾಗಲಿಲ್ಲ. “ಹಿಡ್ಕೊಂಡಿದ್ವಾ ಮೇಷ್ಟ್ರೇ ಅವು?”

“ಒಂದು ರಾತ್ರಿ ಬಿಟ್ಟು ನೋಡಬೇಕಪ್ಪ. ಈಗಲೇ ಗೊತ್ತಾಗಲ್ಲ.”

ಠಾಣೆಯಲ್ಲಿ ಅಟೆಂಡರ್ ಹೊರಡುವುದರಲ್ಲಿದ್ದ. ಸುದ್ದಿ ಅವನಿಗೆ ಆಗಲೇ ತಿಳಿದಿತ್ತು. ಇಪ್ಪತ್ತು ವರ್ಷ ಅವನು ಈ ಮೇಷ್ಟ್ರ ಎದುರು ಕುಳಿತದ್ದಿಲ್ಲ. ಬೆಂಚಿನ ಮೇಲೆ ಕೂರಿಸಿದ್ದ ಮೇಷ್ಟ್ರು ಅವನನ್ನು ಕಂಡು ಎದ್ದು ನಿಂತರು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ತಲೆ ಎತ್ತದೆ ಅವರನ್ನು ಹಾದು ಬೀದಿಗಿಳಿದು ಹೋದ.

ಕೂತುಕೊಳ್ಳಿ ಎಂದು ಇನ್ಸ್‌ಪೆಕ್ಟರ್ ಎರಡು ಬಾರಿ ಹೇಳಬೇಕಾಯಿತು.