ಬಿಸಿಲಿಗೆ ಕೊಟ್ಟ ಬಿಗೋನಿಯಾ

"ನಮ್ಮ ಹಿತ್ತಲಲ್ಲಿ ಒಂದು ಮರವೂ ಇಲ್ಲ ರೀ. ಬೆಳಗ್ಗೆಯಿಂದ ಸಂಜೆವರೆಗೂ ಸುಡೋ ಬಿಸಿಲು. ಒಮ್ಮೆ ನೆಟ್ರೆ ವರ್ಷಾನುಗಟ್ಟಲೆ ಬಾಳೋಂಥ ಹೂಗಿಡ ಕೊಡಿ."

ಕನ್ನಡಕದ ಅಂಗಡಿಯವನು ಮೊದಲ ಸಲ ನರ್ಸರಿಗೆ ಬಂದಾಗ ಕೇಳಿದ್ದು ಇಷ್ಟೇ. ನರ್ಸರಿಯವಳು ದಾಸವಾಳ ತೋರಿಸಬೇಕಿತ್ತು. ಕಾಗದದ ಹೂವಿನ ಬಳ್ಳಿಯನ್ನಾದರೂ ಕೊಡಬೇಕಿತ್ತು. ಆದರೆ ಅವು ನೆಟ್ಟವರು ಮರೆತರೂ ಬದುಕಿಕೊಳ್ಳುವ ಗಿಡಗಳು. ಒಯ್ದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅಷ್ಟರಲ್ಲಿ ಅವನು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸುತ್ತಾ, ಬರಿಗಣ್ಣಲ್ಲಿ ಅವಳನ್ನು ನೋಡಿ ನಕ್ಕ. ಅವಳ ಕೈ ತಾನಾಗಿಯೇ ನೆರಳಲ್ಲಿದ್ದ ಬಿಗೋನಿಯಾದತ್ತ ಹೋಯಿತು.

ಬಿಸಿಲಿಗಿಟ್ಟರೆ ಅದು ಬಾಡುವುದು ಖಂಡಿತ. ಬಾಡಿದರೆ ಅವನು ಮತ್ತೆ ಬರುವುದೂ ಖಂಡಿತ.

ಬಂದ.

"ಊರೋರ ಕಣ್ಣೆಲ್ಲ ಸರಿಮಾಡ್ತೀರಿ, ಒಂದು ಗಿಡ ನೋಡ್ಕೊಳ್ಳೋಕಾಗಲ್ವಾ?" ಎಂದು ಅವಳು ಛೇಡಿಸಿದಳು. ಅವನ ಕಿವಿ ಕೆಂಪಾಯಿತು. ಈ ಸಲ ನೆರಳಲ್ಲಷ್ಟೇ ಬಾಳುವ ಪೀಸ್ ಲಿಲಿ ಕೊಟ್ಟಳು. ಆಮೇಲೆ ಇನ್ನೊಂದು.

ಅವನು ಹೋದ ಮೇಲೆ ಪ್ರತಿಸಲವೂ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಗಿಡ ಬೆಳೆಸಿ ಅನ್ನ ತಿನ್ನುವವಳು ಗಿಡವನ್ನು ಸಾಯಲು ಕಳಿಸುವುದೇ? ಮುಂದಿನ ಸಲ ಸರಿಯಾದದ್ದೇ ಕೊಡುತ್ತೇನೆ ಎಂದುಕೊಳ್ಳುವಳು. ಮುಂದಿನ ಸಲ ಅವನು ನಗುವನು.

ಇವತ್ತು ಅವನು ನಗಲಿಲ್ಲ.

"ಇನ್ನು ಗಿಡ ಬೇಡ ರೀ. ಹಿತ್ತಲಿಗೆ ಸಿಮೆಂಟ್ ಹಾಕಿಸ್ತೀನಿ. ಹೇಳಿಹೋಗೋಣ ಅಂತ ಬಂದೆ."

"ಯಾಕೆ?"

"ಗಿಡ ನೋಡ್ಕೊಳ್ತಿದ್ದದ್ದು ಅಮ್ಮ. ಅಪ್ಪ ಹೋದ್ಮೇಲೆ ಅವರು ಆಸೆಪಟ್ಟು ಹಿಡಿದ ಕೆಲಸ ಇದೊಂದೇ. ಈಗ ನನ್ನ ಕೈಗುಣವೇ ಸರಿಯಿಲ್ಲ, ನಾನು ಮುಟ್ಟಿದ್ದೆಲ್ಲ ಸಾಯುತ್ತೆ ಅಂತ ಅಳ್ತಾರೆ. ನೀರಿನ ಪೈಪ್ ಹಿಡಿಯೋಕೂ ಹೆದರ್ತಾರೆ."

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅವನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯಬಹುದಿತ್ತು. ಆಗಲಿಲ್ಲ.

"ನಿಮ್ಮಮ್ಮನ ಕೈಗುಣ ಅಲ್ಲ. ಅವೆಲ್ಲ ನೆರಳಿನ ಗಿಡ. ಗೊತ್ತಿದ್ದೇ ಕೊಟ್ಟೆ. ನೀವು ಮತ್ತೆ ಬರ್ಲಿ ಅಂತ."

ಅವನು ಕನ್ನಡಕ ತೆಗೆದು, ಒರೆಸದೆ ಮತ್ತೆ ಹಾಕಿಕೊಂಡ.

"ಇದನ್ನ ನನಗಲ್ಲ, ಅಮ್ಮಂಗೆ ಹೇಳಿ," ಎಂದ. ದನಿ ತಣ್ಣಗಿತ್ತು.

ಒಂದು ದಾಸವಾಳವನ್ನು ಎತ್ತಿಕೊಂಡು ಅವಳು ಅವನ ಹಿಂದೆ ನಡೆದಳು. ದಾರಿಯುದ್ದಕ್ಕೂ ಅವನು ತಿರುಗಿ ನೋಡಲಿಲ್ಲ. ಹಿತ್ತಲಿನ ಗೋಡೆಯ ಬದಿಗೆ ಒಣಗಿದ ಗಿಡಗಳ ಕುಂಡಗಳು ಸಾಲಾಗಿದ್ದವು. ಅವನ ತಾಯಿ ಒಂದನ್ನೂ ಎಸೆದಿರಲಿಲ್ಲ. ನರ್ಸರಿಯವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ತಾಯಿಯ ಮುಂದೆ ಎಲ್ಲ ಹೇಳಿದಳು.

ತಾಯಿ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಹಾಗಾದ್ರೆ ನನ್ನ ಕೈಯಲ್ಲಿ ಏನೂ ದೋಷ ಇಲ್ವಾ?"

"ಇಲ್ಲಮ್ಮ. ತಪ್ಪೆಲ್ಲ ನನ್ನದೇ."

"ಅಲ್ಲ ಕಣೇ, ಇವನನ್ನ ನೋಡ್ಬೇಕು ಅನ್ನಿಸಿದ್ರೆ ಕನ್ನಡಕ ಮಾಡಿಸ್ಕೊಳ್ಳೋಕೆ ಹೋಗ್ಬಾರ್ದಿತ್ತಾ? ಪಾಪ, ಗಿಡಗಳು ಏನು ಮಾಡಿದ್ವು?"

ಹಾಗೆನ್ನುತ್ತಾ ತಾಯಿ ನೀರು ತರಲು ಒಳಗೆ ಹೋದರು. ಅವರು ಪೈಪ್ ಹುಡುಕುವ ಸದ್ದು ಕೇಳಿ ಅವನ ಮುಖ ಸ್ವಲ್ಪ ಸಡಿಲವಾಯಿತು.

"ನನಗಿನ್ನೂ ಕೋಪ ಇದೆ," ಎಂದ.

"ಇರ್ಲಿ. ಇರಬೇಕಾದ್ದೇ."

"ಈ ದಾಸವಾಳ ಬದುಕುತ್ತಾ?"

"ಬದುಕುತ್ತೆ." ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಇನ್ನು ನೀವು ನರ್ಸರಿಗೆ ಬರೋ ಕಾರಣವೇ ಇರಲ್ಲ."

ಅವನು ಗುದ್ದಲಿ ಎತ್ತಿಕೊಂಡ.

"ಬದುಕಿದ್ರೂ ಬರ್ತೀನಿ."