ಅವನು ಮಾರಲೊಪ್ಪದ ಟೋಪಾಜ್

"ಇದನ್ನ ನಿಮಗೆ ಮಾರಲ್ಲಮ್ಮ," ಎಂದ ಕಲ್ಲಿನಂಗಡಿಯವನು.

ಪ್ರಣಮ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ಪಲ್ಲಾವರಂನ ಆ ಸುಡುಬಿಸಿಲಲ್ಲಿ ಅಮ್ಮನನ್ನು ಕರೆದುಕೊಂಡು ನಡೆದು ಬಂದದ್ದು ಈ ಮಾತು ಕೇಳುವುದಕ್ಕೇ?

"ಯಾಕೆ? ನಮ್ಮನ್ನು ನೋಡಿದರೆ ದುಡ್ಡು ಕೊಡದೇ ಹೋಗುವವರ ಹಾಗೆ ಕಾಣ್ತದಾ?"

"ಹಾಗಲ್ಲ. ಮದುವೆ ತಡ ಆಗ್ತಿದೆ, ಗುರುಬಲಕ್ಕೆ ಪುಷ್ಯರಾಗ ಹಾಕ್ಕೊಳ್ಳಿ ಅಂತ ಜೋಯಿಸರು ಹೇಳಿದ್ದಾರೆ ಅಂದ್ರಿ. ಇದು ಟೋಪಾಜ್. ಬಣ್ಣ ಒಂದೇ ಥರ, ಕಲ್ಲು ಬೇರೆ. ಪುಷ್ಯರಾಗ ಅಂತ ಇದನ್ನೇ ಮಾರೋರು ಬೇಕಾದಷ್ಟು ಜನ ಇದ್ದಾರೆ. ನಾನು ಮಾರಲ್ಲ."

"ಹಾಗಾದರೆ ಇದು ಡೂಪ್ಲಿಕೇಟಾ ಮಾರಾಯ?" ಅಮ್ಮ ಚಂದ್ರಮತಿ ಕೇಳಿದರು.

"ಡೂಪ್ಲಿಕೇಟ್ ಅಲ್ಲಮ್ಮ. ಅಸಲಿ ಟೋಪಾಜೇ. ಆದ್ರೆ ಪುಷ್ಯರಾಗ ಅಲ್ಲ."

ಆ ಮಾತಿನಲ್ಲಿ ಅರ್ಧ ಮಾತ್ರ ಅಮ್ಮನ ತಲೆಯಲ್ಲಿ ಉಳಿಯಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಬೀಜ. ಪ್ರಣಮ್ಯಾ ಮಾತ್ರ ಕಲ್ಲು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ಬಂದ ವ್ಯಾಪಾರವನ್ನು ತಾನೇ ಬೇಡ ಅನ್ನುವ ಅಂಗಡಿಯವನೂ ಇರುತ್ತಾನಾ...

ಅದು ೧೯೯೯. ಅವನ ಹೆಸರು ಗಿರಿಧರ್. ಅಪ್ಪ ಮೈಸೂರಿನ ಕಡೆಯಿಂದ ಬಂದ ರೈಲ್ವೆ ನೌಕರ. ಓದಿದ್ದು ಬಿ.ಕಾಂ., ಹುಚ್ಚು ಹಿಡಿದದ್ದು ಕಲ್ಲುಗಳದು. ಪ್ರಣಮ್ಯಾಳ ಅಪ್ಪ ವಿಷ್ಣುಮೂರ್ತಿ ಕುಂದಾಪುರದ ಕಡೆಯವರು. ಪಲ್ಲಾವರಂ ಸ್ಟೇಷನ್ ಹತ್ತಿರ ಅವರ ಸಸ್ಯಾಹಾರಿ ಹೋಟೆಲು. ಮರುದಿನ ಗಿರಿಧರ್ ಅಲ್ಲಿಗೆ ಕಾಫಿಗೆ ಬಂದ. ಅದರ ಮರುದಿನವೂ ಬಂದ. ಅವನ ಅಂಗಡಿಯ ಪಕ್ಕದಲ್ಲೇ ಒಳ್ಳೆಯ ಕಾಫಿ ಸಿಗುತ್ತಿತ್ತು ಅನ್ನುವುದು ಪ್ರಣಮ್ಯಾಳಿಗೂ ಗೊತ್ತಿತ್ತು.

ವರ್ಷ ಕಳೆಯುವುದರೊಳಗೆ ಎರಡೂ ಮನೆಯವರು ಒಪ್ಪಿದರು. ವಿಷ್ಣುಮೂರ್ತಿ ಒಪ್ಪಿದ್ದು ಅರೆಮನಸ್ಸಿನಿಂದ.

"ನಿಶ್ಚಿತಾರ್ಥದ ಉಂಗುರಕ್ಕೆ ಯಾವ ಕಲ್ಲು ಬೇಕು?" ಗಿರಿಧರ್ ಕೇಳಿದ.

"ನೀವು ನಮಗೆ ಮಾರಲ್ಲ ಅಂದಿರಲ್ಲ... ಅದೇ."

ಜೇನಿನ ಬಣ್ಣದ ಆ ಟೋಪಾಜ್ ಅವಳ ಬೆರಳಿಗೆ ಬಂತು. ನಿಶ್ಚಿತಾರ್ಥದ ದಿನ ಅವನೇ ಉಂಗುರ ತೊಡಿಸಿದ. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಕ್ಕಳು. ಅವನು ಸುಮ್ಮನಾದ.

ಮದುವೆ ಹತ್ತಿರ ಬಂತು. ಶುಭಕಾರ್ಯಕ್ಕೆ ಮುಂಚೆ ಮನೆಯ ಒಡವೆಗಳನ್ನೆಲ್ಲ ಅಂಟುವಾಳದ ನೀರಿನಲ್ಲಿ ಕುದಿಸಿ ತೊಳೆಯುವುದು ಚಂದ್ರಮತಿಯ ತವರಿನ ಪದ್ಧತಿ. ಅಜ್ಜಿಯ ಕೆಂಪು ಕಲ್ಲಿನ ಓಲೆ, ಬಳೆ, ಸರ, ಎಲ್ಲವೂ ಪಾತ್ರೆಗೆ ಬಿದ್ದವು. ಪ್ರಣಮ್ಯಾ ತನ್ನ ಉಂಗುರವನ್ನೂ ಬಿಚ್ಚಿ ಹಾಕಿದಳು. ಚೆನ್ನಾಗಿ ಕುದಿದ ಮೇಲೆ ಸೌಟಿನಿಂದ ಎತ್ತಿ ತಣ್ಣೀರಿಗೆ ಹಾಕಿದಳು.

ಟಕ್ ಎಂದು ಒಂದು ಸಣ್ಣ ಸದ್ದು.

ಕಲ್ಲು ಎರಡು ಹೋಳಾಗಿತ್ತು. ಒಂದು ಹೋಳು ಉಂಗುರದಲ್ಲೇ ನಿಂತಿತ್ತು. ಇನ್ನೊಂದು ನೀರಿನ ತಳದಲ್ಲಿತ್ತು.

ಅಯ್ಯೋ ದೇವರೇ... ಅವಳು ತಣ್ಣೀರಿಗೆ ಕೈ ಹಾಕಿ ಆ ಹೋಳನ್ನು ಎತ್ತಿಕೊಂಡಳು.

"ಗಾಜು!" ವಿಷ್ಣುಮೂರ್ತಿ ಕೂಗಾಡಿದರು. "ನನ್ನ ಅಮ್ಮನ ಕೆಂಪು ಕಲ್ಲು ಎಷ್ಟು ವರ್ಷದಿಂದ ಕುದೀತಾ ಉಂಟು, ಒಂದು ಗೀರು ಬಿದ್ದದ್ದು ಉಂಟಾ? ನಿಜವಾದ ಕಲ್ಲು ನೀರಿಗೆ ಒಡೀತದಾ?"

"ಅವನೇ ಹೇಳಿದ್ದಲ್ವಾ ಅಸಲಿ ಅಲ್ಲ ಅಂತ," ಎಂದರು ಚಂದ್ರಮತಿ, ಮೆಲ್ಲಗೆ.

ಅಪ್ಪ ಮಗಳನ್ನು ಎಳೆದುಕೊಂಡೇ ಅಂಗಡಿಗೆ ಹೋದರು. ಗಿರಾಕಿಗಳು ತುಂಬಿದ್ದರು. ಒಡೆದ ಉಂಗುರವನ್ನು ಗಾಜಿನ ಕೌಂಟರ್ ಮೇಲೆ ಎಸೆದರು.

"ಇದು ಅಸಲಿ ಕಲ್ಲೇ ಮಾವ. ಬಿಸಿ ತಗುಲಿತ್ತಾ?" ಗಿರಿಧರ್ ಸಾವಧಾನವಾಗಿ ಕೇಳಿದ.

"ಬಾಯಿ ಮುಚ್ಚು! ಮದುವೆಯಾಗುವ ಹುಡುಗಿಗೇ ಗಾಜು ಕೊಟ್ಟವನು ಊರಿಗೆ ಎಂಥ ಕೊಟ್ಟಿರಬಹುದು?"

ಅಂಗಡಿಯಲ್ಲಿದ್ದವರು ತಮ್ಮ ತಮ್ಮ ಬೆರಳು ನೋಡಿಕೊಂಡರು. ಗಿರಿಧರ್ ಅವರ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದ.

"ನೀನೂ ಹಾಗೇ ಅಂದ್ಕೊಂಡ್ಯಾ ಪ್ರಣಮ್ಯಾ?"

ಇಲ್ಲ ಅನ್ನಬೇಕಿತ್ತು. ಆದರೆ ಕಲ್ಲು ಒಡೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು... ಅವಳು ತಲೆ ತಗ್ಗಿಸಿದಳು.

ಅಷ್ಟೇ ಸಾಕಾಯಿತು. ಮದುವೆ ನಿಂತಿತು.

ನೀರಿನ ತಳದಲ್ಲಿ ಸಿಕ್ಕ ಹೋಳು ಅವಳ ಕುಂಕುಮದ ಭರಣಿಯಲ್ಲಿ ಉಳಿಯಿತು. ಅದನ್ನು ಯಾರಿಗಾದರೂ ತೋರಿಸಿ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಗಾಜು ಎಂದರೆ ಹೇಗೋ ಸಹಿಸಿಕೊಂಡು ಬದುಕಬಹುದು. ಅಸಲಿ ಎಂದುಬಿಟ್ಟರೆ? ಆಮೇಲೆ ತಾನು ಹೇಗೆ ಬದುಕುವುದು? ಹೀಗೆ ಹೆದರಿ ಹೆದರಿಯೇ ವರ್ಷಗಳು ಕಳೆದವು. ಬಂದ ಗಂಡುಗಳನ್ನೆಲ್ಲ ಏನೋ ಒಂದು ನೆಪ ಹೇಳಿ ಕಳಿಸಿದಳು. ರಾತ್ರಿಯ ಅಳು ದಿಂಬಿಗೆ ಮಾತ್ರ ಗೊತ್ತಿತ್ತು.

ಒಂದು ದಿನ ಹೋಟೆಲಿನ ಸಪ್ಲೈಯರ್ ಮೋನಪ್ಪ ಸುದ್ದಿ ತಂದ. "ಆ ಕಲ್ಲಿನಂಗಡಿ ಬಂದ್ ಆಯ್ತಂತೆ. ಅವರೀಗ ರಾಯಪುರಂನಲ್ಲಿ ಹಾರ್ಬರಿನ ಎಂಥದೋ ಆಫೀಸಿನಲ್ಲಿದ್ದಾರಂತೆ. ಮದುವೆಯೂ ಆಗಿಲ್ಲಂತೆ."

ಅವನ ಅಂಗಡಿಯೇ ಹೋಯಿತು ಎಂದ ಮೇಲೆ ಅವಳಿಗೆ ಇನ್ನು ತಿಳಿಯದೆ ಇರಲಾಗಲಿಲ್ಲ. ಆ ದಿನವೇ ಪ್ರಣಮ್ಯಾ ಕಲ್ಲು ಪರೀಕ್ಷಿಸುವ ಒಂದು ಲ್ಯಾಬಿಗೆ ಹೋದಳು. ಅಲ್ಲಿದ್ದ ತಮಿಳು ಹೆಂಗಸು ಹೋಳನ್ನು ಉಪಕರಣದಲ್ಲಿಟ್ಟು ನೋಡಿ, "ಒರಿಜಿನಲ್ ದಾಮ್ಮಾ," ಎಂದಳು. ಅಸಲಿಯೇ. ಒಡೆದ ಮೈಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಗಾಜು ಒಡೆದರೆ ಚಿಪ್ಪಿನ ಹಾಗೆ ಬಾಗಿ ಒಡೆಯುತ್ತದಂತೆ. ಟೋಪಾಜ್ ಮಾತ್ರ ಹೀಗೆ ಕೊಯ್ದ ಹಾಗೆ ನೇರವಾಗಿ ಸೀಳುತ್ತದಂತೆ. ಪ್ರಣಮ್ಯಾ ನಡೆದದ್ದನ್ನು ಹೇಳಿದಾಗ, ಕುದಿನೀರಿನಿಂದ ತಣ್ಣೀರಿಗೆ ಹಾಕಿದರೆ ಸೀಳದೆ ಇನ್ನೇನಾಗುತ್ತದೆ ಎಂದು ಕೇಳಿದಳು.

ಯಾವುದನ್ನು ನೋಡಿ ಅವನನ್ನು ಮೋಸಗಾರ ಎಂದರೋ ಅದೇ ಅವನ ಸಾಕ್ಷಿಯಾಗಿತ್ತು. ಪ್ರಣಮ್ಯಾ ಲ್ಯಾಬಿನ ಮೆಟ್ಟಿಲ ಮೇಲೆ ಕುಸಿದು ಕೂತು, ಹೋಗಿ ಬರುವವರ ಎದುರೇ ಅತ್ತಳು.

ರಾಯಪುರಂನ ಆಫೀಸಿನಲ್ಲಿ ಗಿರಿಧರ್ ಸರಕಿನ ಕಾಗದಗಳ ನಡುವೆ ಕೂತಿದ್ದ. ಕೂದಲು ನರೆತಿತ್ತು. ಅವಳನ್ನು ಕಂಡು ಎದ್ದು ನಿಂತ. ಅವಳು ಹೋಳನ್ನು ಮೇಜಿನ ಮೇಲಿಟ್ಟಳು.

"ಅಸಲಿ ಅಂತ ಈಗ ಗೊತ್ತಾಯ್ತು. ಆವತ್ತು ನಾನು ಬಾಯಿ ಬಿಡ್ಲಿಲ್ಲ. ತಪ್ಪು ನಂದು."

ಅವನು ಹೋಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ನನ್ನ ಮಗ ಗಾಜು ಮಾರಿದ್ನಾ ಅಂತ ಅಪ್ಪ ಕೊನೇ ತನಕ ಕೇಳ್ತಾನೇ ಇದ್ರು," ಎಂದ. "ಹೋದ ವರ್ಷ ಹೋಗ್ಬಿಟ್ರು. ಈಗ ಯಾರಿಗೆ ಹೇಳ್ಲಿ?"

ಅವಳು ಎರಡೂ ಕೈ ಮುಗಿದಳು.

"ನಿಮ್ಮಪ್ಪನಿಗೆ ಹೇಳಿದ್ಯಾ?"

"ಹೇಳಿ ಬಂದೆ. ಹೋಟೆಲಿನ ಕೌಂಟರಿನ ಮೇಲೆ ತಲೆ ಇಟ್ಟು ಕೂತುಬಿಟ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಕ್ಷಮಿಸ್ಬೇಕು ಅಂತ ಬಂದದ್ದಲ್ಲ. ಹೋಗ್ತೇನೆ."

"ನಿಲ್ಲು."

ಗಿರಿಧರ್ ಮೇಜಿನ ಡ್ರಾಯರ್ ಎಳೆದ. ಕಲ್ಲು ಕಟ್ಟಿಡುವ ಬಿಳಿ ಕಾಗದದ ಪೊಟ್ಟಣ. ಬಿಚ್ಚಿದರೆ ಅದೇ ಉಂಗುರ, ಅದರಲ್ಲಿ ಅದೇ ಅರ್ಧ ಕಲ್ಲು.

ಇಟ್ಟುಕೊಂಡಿದ್ದಾರೆ... ಇಷ್ಟೆಲ್ಲ ಆದ ಮೇಲೂ!

"ಇದು ಮತ್ತೆ ಒಂದಾಗ್ತದಾ?"

"ಇಲ್ಲ. ಅಂಟಿಸಿದ್ರೆ ನಿಲ್ಲಲ್ಲ." ಅವನು ಎರಡು ಹೋಳುಗಳನ್ನೂ ಅಂಗೈಯಲ್ಲಿ ಹಿಡಿದ. "ಬೇರೆ ಬೇರೆಯಾಗಿ ಸಾಣೆ ಹಿಡಿಸಿದ್ರೆ ಎರಡು ಪುಟ್ಟ ಕಲ್ಲಾಗುತ್ತೆ. ಮೊದಲಿನಷ್ಟು ಚೆಂದ ಇರಲ್ಲ."

"ಎರಡು ಉಂಗುರ ಆಗ್ತದಲ್ಲ..."

ಅವನ ಕಣ್ಣು ತುಂಬಿತು. ಕುರ್ಚಿ ಎಳೆದು ಅವಳನ್ನು ಕೂರಿಸಿದ.

"ತಪ್ಪು ನಿನ್ನೊಬ್ಬಳದೇ ಅಲ್ಲ. ಟೋಪಾಜ್ ಕೊಂಡೋರಿಗೆಲ್ಲ ತೊಳೆಯೋದು ಹೇಗೆ ಅಂತ ಹೇಳಿಯೇ ಕಳಿಸ್ತಿದ್ದೆ. ನಿನಗೆ ಹಾಕೋವಾಗ ಮಾತ್ರ ಮರೆತುಹೋಯ್ತು."

"ಯಾಕೆ?"

"ನೀನು ನಕ್ಕೆ."

ಅವಳು ಅಳುತ್ತಲೇ ಕೈ ಮುಂದೆ ಚಾಚಿದಳು. "ಈಗ ಹೇಳಿ."

ಅವನು ಅರ್ಧ ಕಲ್ಲಿನ ಉಂಗುರವನ್ನು ಅವಳ ಬೆರಳಿಗೆ ನಿಧಾನವಾಗಿ ಏರಿಸಿದ.

"ಉಗುರುಬೆಚ್ಚಗಿನ ನೀರು, ಒಂಚೂರು ಸೋಪು, ಮೆತ್ತಗಿನ ಬ್ರಷ್. ಕುದಿಸಬಾರದು. ಪೆಟ್ಟು ಬೀಳಬಾರದು."

"ಮತ್ತೆ?"

"ಮತ್ತೆ... ಒಡೆದ್ರೆ, ಮೊದಲು ನನ್ನ ಕೇಳು."

"ಕೇಳ್ತೇನೆ," ಎಂದಳು ಪ್ರಣಮ್ಯಾ.