ಐಸಿನೊಳಗೊಂದು ಬೂಟು

ನೀಲಿ ಟಬ್ಬನ್ನು ಬೋರಲು ಹಾಕಿ ಬೆನ್ನಿಗೆ ಎರಡು ಏಟು ಕೊಟ್ಟೆ. ಐಸಿನ ಗಡ್ಡೆ ಧೊಪ್ಪೆಂದು ಟ್ರೇಗೆ ಬಿತ್ತು. ಅದರೊಳಗೆ ಪೆಂಗ್ವಿನ್ನೋ ಕಪ್ಪೆಯೋ ಯಾವುದಾದರೊಂದು ಗೊಂಬೆ ಇರಬೇಕಿತ್ತು. ಇದ್ದದ್ದು ಒಂದು ಗಂಡಸಿನ ಬೂಟು.

ಕಂದು ಬಣ್ಣದ, ಹಿಮ್ಮಡಿ ಒಂದು ಕಡೆ ಸವೆದ, ಬಲಗಾಲಿನ ಬೂಟು. ಲೇಸು ನೀರಿನಲ್ಲಿ ತೇಲುತ್ತಿದ್ದ ಹಾಗೆಯೇ ಹೆಪ್ಪುಗಟ್ಟಿತ್ತು. ಅದು ಯಾರ ಬೂಟೆಂದು ಗುರುತಿಸಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲ ಪಕ್ಕ ಆ ಜೋಡಿ ಬಂದು ಕೂತಿದೆಯೇ ಎಂದು ನೋಡಿದ ಮೇಲೇ ನಾನು ಕೋಟು ಬಿಚ್ಚುವುದು.

ಈ ಡೇಕೇರ್‌ನಲ್ಲಿ ನಾನು ನಾಲ್ಕು ವರ್ಷದವರ ಮಿಸ್. ಚಳಿಗಾಲ ಬಂತೆಂದರೆ ನಮ್ಮ ಕೋಣೆಯಲ್ಲಿ ಹಬ್ಬ. ಹತ್ತಿಯುಂಡೆಗಳನ್ನು ಇಕ್ಕಳದಲ್ಲಿ ಎತ್ತಿ ಬುಟ್ಟಿಗೆ ಹಾಕುವುದು, ಹಗ್ಗಕ್ಕೆ ನೇತುಹಾಕಿದ ಕೈಗವಸುಗಳಲ್ಲಿ ಜೊತೆ ಹುಡುಕುವುದು, ತಣ್ಣನೆಯ ಕಿಟಕಿಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಬೆಕ್ಕು ಬರೆಯುವುದು. ಎಲ್ಲಕ್ಕಿಂತ ಮಕ್ಕಳು ಪ್ರಾಣ ಬಿಡುವುದು ಐಸ್ ಬಿಡಿಸುವ ಆಟಕ್ಕೆ. ಹಿಂದಿನ ಸಂಜೆ ಒಂದೊಂದು ಗುಂಪು ಒಂದೊಂದು ಟಬ್ಬಿನಲ್ಲಿ ಗುಟ್ಟಾಗಿ ಗೊಂಬೆ ಹಾಕಿ, ನೀರು ತುಂಬಿ, ಮುಚ್ಚಳ ಮುಚ್ಚುತ್ತದೆ. ಮರುದಿನ ಇನ್ನೊಂದು ಗುಂಪು ಉಪ್ಪು, ಮರದ ಚಮಚ, ಉಗುರುಬೆಚ್ಚಗಿನ ನೀರು ಹಿಡಿದು ಅದನ್ನು ಬಿಡಿಸುತ್ತದೆ. ಒಳಗೇನಿದೆ ಎಂದು ಮಿಸ್ ಕೂಡ ಇಣುಕಬಾರದು. ಆ ನಿಯಮ ಮಾಡಿದ ಮಹಾಬುದ್ಧಿವಂತೆ ನಾನೇ.

ಟಬ್ಬುಗಳನ್ನು ಇಡಲು ಇರುವುದು ಒಂದೇ ಫ್ರೀಜರ್. ಅದು ಅಡುಗೆಯವನದು. ಮಕ್ಕಳು ಅವನನ್ನು ಸೂಪ್ ಮಾಮ ಎನ್ನುತ್ತಾರೆ. ನಾನು ಎದುರಿಗೆ 'ನೀವು' ಎನ್ನುತ್ತೇನೆ, ಮನಸ್ಸಿನಲ್ಲಿ ಮಾತ್ರ 'ಅವನು'. ಹೋದ ಚಳಿಗಾಲದಿಂದ ನಮ್ಮದು ಹಾವು ಮುಂಗುಸಿಯ ಸಂಬಂಧ. ಬಟಾಣಿ ಚೀಲ ಯಾಕೆ ಸರಿಸಿದಿರಿ ಎಂದು ಅವನು, ನನ್ನ ಟಬ್ಬಿನ ಮೇಲೆ ಬ್ರೆಡ್ ಯಾಕೆ ಪೇರಿಸಿದಿರಿ ಎಂದು ನಾನು. ಒಮ್ಮೆ ನಮ್ಮ ರಬ್ಬರ್ ಕಪ್ಪೆ ಅವನ ಪಾತ್ರೆ ತೊಳೆಯುವ ಬಿಸಿನೀರಿನಲ್ಲಿ ಸಿಕ್ಕಿತು. ಜಗಳಕ್ಕೆ ಹೋದರೆ, ಪಾಪ ಅದಕ್ಕೆ ಚಳಿಯಾಗಿತ್ತು ಎಂದ. ಹೇಳುವಾಗ ಬಾಯಿ ನಗಲಿಲ್ಲ, ಎಡಗಡೆಯ ಹುಬ್ಬು ಮಾತ್ರ ಚೂರು ಮೇಲೇರಿ ಅಲ್ಲೇ ನಿಂತಿತು. ಅವತ್ತು ಮಧ್ಯಾಹ್ನವೆಲ್ಲ ನಾನು ಮಕ್ಕಳಿಗೆ ಕಥೆಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದಿದೆ.

ಹೌದು, ನನಗೆ ಅವನೆಂದರೆ ಇಷ್ಟ. ಇಷ್ಟವೆಂದರೆ ಸಾಲದು. ಫ್ರೀಜರಿನಲ್ಲಿ ಜಾಗ ಖಾಲಿಯಿದ್ದ ದಿನವೂ ಜಾಗವಿಲ್ಲವೆಂದು ಜಗಳ ತೆಗೆಯುವಷ್ಟು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಇದ್ದರಾಯಿತು, ನಾಳೆಯೂ ಬರುತ್ತಾನಲ್ಲ ಎಂದುಕೊಂಡು ಒಂದು ಚಳಿಗಾಲ ಕಳೆದು ಇನ್ನೊಂದಕ್ಕೆ ಬಂದಿದ್ದೆ.

ಈಗ ಅವನ ಬೂಟು ಐಸಿನೊಳಗಿತ್ತು.

ಎರಡನೇ ಟಬ್ಬು ಬಿಚ್ಚಿದೆ. ಅವನ ಉಣ್ಣೆ ಟೋಪಿ. ಮೂರನೆಯದರಲ್ಲಿ ಅವನ ಏಪ್ರನ್, ಚೊಕ್ಕವಾಗಿ ಮಡಚಿದ್ದು. ಒಂದು ಗುಂಪಿನ ಕಿತಾಪತಿಯಾದರೆ ಸರಿ, ಇಡೀ ಕೋಣೆ ಸೇರಿ ಸಂಚು ಮಾಡಿತ್ತು. ತಿರುಗಿ ನೋಡಿದರೆ ಎಲ್ಲರೂ ಚಾಪೆಯ ಮೇಲೆ ಕೈಕಟ್ಟಿ ಕೂತಿದ್ದರು. ಈ ಮಕ್ಕಳು ಹೇಳದೆ ಕೈಕಟ್ಟಿ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಾರು ಮಾಡಿದ್ದು ಎಂದು ಕೇಳಿದೆ. ವಕೀಲಮ್ಮ ಎದ್ದು ನಿಂತಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಆ ಹುಡುಗಿಗೆ ಅವಳ ಅಜ್ಜಿಯೇ ಇಟ್ಟ ಹೆಸರು.

"ಐಸಲ್ಲಿಟ್ರೆ ಎಲ್ಲಿಗೂ ಹೋಗಲ್ಲ ಅಂತ ನೀವೇ ಹೇಳಿದ್ದಲ್ವಾ ಮಿಸ್?"

ಹೇಳಿದ್ದೆ. ಪೆಂಗ್ವಿನ್ ರಾತ್ರಿ ಓಡಿಹೋದರೆ ಎಂದು ಯಾರೋ ಅತ್ತಾಗ, ಐಸಿನಲ್ಲಿರುವುದು ಇದ್ದಲ್ಲೇ ಇರುತ್ತದೆ ಎಂದು ಸಮಾಧಾನ ಮಾಡಿದ್ದೆ.

"ಸೂಪ್ ಮಾಮ ಇವತ್ತು ಹೋಗ್ತಾರೆ. ಬೇರೆ ಕೆಲ್ಸಕ್ಕೆ. ಬೂಟಿಲ್ದೆ ಹೋಗಕ್ಕಾಗಲ್ಲ."

ಒಂದೇ ಬೂಟು ಯಾಕೆ ಎಂದು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ಒಂದು ಕಾಲಲ್ಲಿ ಯಾರೂ ಹೋಗಲ್ವಲ್ಲ ಎಂದು ಅವಳು ನನ್ನ ದಡ್ಡತನಕ್ಕೆ ಮರುಗಿದಳು.

ವಿಷಯ ತಿಳಿಸಿ, ಮಿಸ್‌ಗೆ ಮಾತ್ರ ಹೇಳಬೇಡಿ ಎಂದು ಅವನು ನಿನ್ನೆ ಊಟದ ಹೊತ್ತಿನಲ್ಲಿ ಮಕ್ಕಳಿಂದ ಭಾಷೆ ತೆಗೆದುಕೊಂಡಿದ್ದನಂತೆ. ಮನೆಯಲ್ಲಿ ಅಪ್ಪ ಗೊರಕೆ ಹೊಡೆಯುವುದನ್ನೂ ಬಂದು ಹೇಳುವ ಈ ಮಕ್ಕಳು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ಮಿಸ್‌ಗೆ ಮಾತ್ರ ಬೇಡ. ಆ ಮಾತು ಕಿವಿಯಲ್ಲಿ ಕಾದ ಎಣ್ಣೆಯ ಹಾಗೆ ಇಳಿಯಿತು. ನನ್ನ ಜಗಳ ಅಷ್ಟು ಬೇಸರ ತರಿಸಿತ್ತೇ?

ಅಷ್ಟರಲ್ಲಿ ಅವನೇ ಬಾಗಿಲಲ್ಲಿ ನಿಂತಿದ್ದ, ಅಡುಗೆಮನೆಯ ರಬ್ಬರ್ ಚಪ್ಪಲಿಯಲ್ಲಿ. ನಿನ್ನೆ ಬೂಟು ಹುಡುಕಿ ಸಾಕಾಗಿ, ನಾಯಿ ಕಚ್ಚಿಕೊಂಡು ಹೋಗಿರಬೇಕೆಂದು ಆ ಚಪ್ಪಲಿಯಲ್ಲೇ ಮನೆಗೆ ನಡೆದನಂತೆ, ಆ ಚಳಿಯಲ್ಲಿ. ಟ್ರೇ ನೋಡಿದ. ಗಡ್ಡೆಯೊಳಗಿನ ಬೂಟು ನೋಡಿದ. ಮಕ್ಕಳ ಸಣ್ಣ ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ, ಮೆಲ್ಲಗೆ ಕುಸಿದು ಕೂತ.

ಮಧ್ಯಾಹ್ನದ ಊಟ ಬಡಿಸಿದ ಮೇಲೆ ಹೊಸ ಕೆಲಸದ ಜಾಗಕ್ಕೆ ಹೋಗಬೇಕಿತ್ತು ಎಂದ. ಅದು ಆಸ್ಪತ್ರೆಯೊಂದರ ಅಡುಗೆಮನೆಯಂತೆ. ಹಾಗಾದರೆ ನಿಜವೇ ಎಂದು ಕೇಳಿದೆ. ನಿಜ ಎಂದ. ನನ್ನ ಕಣ್ಣು ನೋಡಲಿಲ್ಲ.

ಕೋಪ ಬಂತು. ದುಃಖ ಬರುವ ಮೊದಲು ನನಗೆ ಯಾವಾಗಲೂ ಕೋಪ ಬರುತ್ತದೆ. ಹೋಗುವವರನ್ನು ಹಿಡಿದಿಡಲು ನಾವ್ಯಾರು ಎಂದುಕೊಂಡು ಕೆಟಲ್ಲಿನ ಬಿಸಿನೀರು ತಂದು ಗಡ್ಡೆಯ ಮೇಲೆ ಸುರಿಯಹೋದೆ. ಮಕ್ಕಳು ಒಟ್ಟಿಗೆ ಬೊಬ್ಬೆ ಹಾಕಿದವು. ಬಿಸಿನೀರು ಕೋಣೆಗೆ ತರಬಾರದೆಂಬುದೂ ನನ್ನದೇ ನಿಯಮ. ಕೆಟಲ್ಲನ್ನು ಎತ್ತರದ ಕಪಾಟಿನ ಮೇಲಿಟ್ಟು ಬಂದೆ. ಮಕ್ಕಳು ಬೇರೆ ದಾರಿಯಿಲ್ಲದೆ ಉಗುರುಬೆಚ್ಚಗಿನ ನೀರನ್ನು ಚಮಚ ಚಮಚವಾಗಿ ಹಾಕತೊಡಗಿದರು. ಇಬ್ಬರು ಅಳುತ್ತಲೇ ಉಪ್ಪು ಉದುರಿಸಿದರು. ಅವನೂ ಒಂದು ಚಮಚ ತೆಗೆದುಕೊಂಡ. ನಾನೂ ಎದುರಿಗೆ ಕೂತೆ. ಐಸಿನ ಮೇಲೆ ನಮ್ಮಿಬ್ಬರ ಬೆರಳುಗಳು ಕೆಂಪಾದವು.

"ನಂಗೆ ಮಾತ್ರ ಯಾಕೆ ಹೇಳ್ಲಿಲ್ಲ?" ಎಂದೆ.

ಅವನು ಚಮಚ ಕೆಳಗಿಟ್ಟ.

"ದೊಡ್ಡ ಮಿಸ್ ಹತ್ರ ಒಂದು ವಿಷಯ ಕೇಳಿದ್ದೆ. ಇಲ್ಲಿ ಕೆಲಸ ಮಾಡೋರು ಇಲ್ಲೇ ಇರೋರನ್ನ ಮದುವೆ ಆಗಬಹುದಾ ಅಂತ. ಆಗಬಹುದು, ಆದ್ರೆ ಒಬ್ಬರು ಕೆಲಸ ಬಿಡಬೇಕು ಅಂದ್ರು."

ದೊಡ್ಡ ಮಿಸ್ ಎಂದರೆ ಈ ಡೇಕೇರ್ ನಡೆಸುವವರು. ಹಿಂದೆ ಇಲ್ಲಿದ್ದ ಗಂಡ ಹೆಂಡತಿ ಜಗಳವಾಡಿ ಒಂದೇ ದಿನ ಇಬ್ಬರೂ ರಜೆ ಹಾಕಿ, ಮಕ್ಕಳಿಗೆ ಊಟವೂ ಇಲ್ಲ, ಆಟವೂ ಇಲ್ಲ ಎಂದಾಗಿತ್ತಂತೆ. ಅಂದಿನಿಂದ ಅವರದು ಈ ಹಟ. ಇದೆಲ್ಲ ನನಗೆ ಹೊಸ ಸುದ್ದಿ.

"ಯಾರನ್ನ ಮದುವೆ?" ಎಂದೆ. ಇಷ್ಟು ಪೆದ್ದು ಪ್ರಶ್ನೆಯನ್ನು ನನ್ನ ಕೋಣೆಯ ಮಕ್ಕಳೂ ಕೇಳಲಾರರು.

"ಬಟಾಣಿ ಚೀಲಕ್ಕೆ ನನ್ನ ಜೊತೆ ಜಗಳ ಆಡೋರು ಒಬ್ಬರೇ ಇರೋದು," ಎಂದ. ಈ ಸಲ ಹುಬ್ಬು ಏರಲಿಲ್ಲ. "ಮಕ್ಕಳನ್ನ ಬಿಟ್ಟು ನೀವು ಇರಲ್ಲ. ಸೂಪ್ ನಾನು ಎಲ್ಲಿ ಬೇಕಾದ್ರೂ ಮಾಡ್ತೀನಿ. ಇಲ್ಲಿದ್ದುಕೊಂಡೇ ನಾನು ಕೇಳಿ, ನೀವು ಬೇಡ ಅಂದ್ರೆ, ಮಾರನೇ ದಿನ ಬೆಳಿಗ್ಗೆ ಅದೇ ಫ್ರೀಜರ್ ಹತ್ರ ನನ್ನ ಮುಖ ನೋಡ್ಬೇಕಾಗತ್ತೆ ನಿಮಗೆ. ಅದಕ್ಕೆ ಮೊದಲು ಕೆಲಸ ಬಿಟ್ಟೆ. ಇವತ್ತು ಸಂಜೆ ಬಂದು ಕೇಳೋಣ ಅಂತಿದ್ದೆ."

ಬೆಳಿಗ್ಗೆಯಿಂದ ಸಂಜೆವರೆಗೆ ಮಾತೇ ನನ್ನ ಕಸುಬು, ಆದರೆ ಒಂದಕ್ಷರ ಹೊರಡಲಿಲ್ಲ. ನನ್ನ ಮೇಲಿನ ಬೇಸರಕ್ಕೆ ಹೋಗುತ್ತಿದ್ದಾನೆಂದು ನಾನು ಅಂದುಕೊಂಡಿದ್ದೆ. ಅವನು ಒಪ್ಪಿಗೆಗೂ ಮೊದಲು, ನಾನು ಬೇಡವೆಂದರೆ ನನಗೆ ಮುಜುಗರವಾಗದಿರಲೆಂದು, ಇದ್ದ ಕೆಲಸವನ್ನೇ ಬಿಟ್ಟಿದ್ದ. ಗಂಡಸೊಬ್ಬ ನನಗಾಗಿ ಇಷ್ಟು ಯೋಚಿಸಿರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೂಟು ಗಡ್ಡೆಯಿಂದ ಕಳಚಿಕೊಂಡಿತು. ಅವನು ಅದನ್ನು ಕೊಡವಿ ಪಕ್ಕಕ್ಕಿಟ್ಟ, ಎದ್ದ. ನನ್ನ ಮೌನಕ್ಕೆ ಅವನು ಅರ್ಥ ಹಚ್ಚುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಪರವಾಗಿಲ್ಲ ಎಂದ, ಬಹಳ ಮೆತ್ತಗೆ. ಅಡುಗೆಮನೆಗೆ ಹೋಗಿ ಕೊನೆಯ ಸೂಪ್ ಬಡಿಸಿದ. ವಕೀಲಮ್ಮನಿಗೆ ಎರಡು ಸಲ ಹಾಕಿದ. ನಾನು ಮಕ್ಕಳ ಬಾಯಿ ಒರೆಸುತ್ತ, ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ, ಹೇಳದೆಯೇ ಉಳಿದೆ. ಒದ್ದೆ ಬೂಟು ಮೆಟ್ಟಿ, ಎಲ್ಲರ ತಲೆ ಸವರಿ, ಅವನು ಹೊರಟೇಬಿಟ್ಟ.

ಕಿಟಕಿಯಿಂದ ನೋಡಿದೆ. ಅವನು ಅಂಗಳದ ಅರ್ಧಕ್ಕೆ ತಲುಪಿದ್ದ. ನಡೆದಾಗ ಒಂದು ಕಾಲು ಪಚಕ್ ಪಚಕ್ ಎನ್ನುತ್ತಿತ್ತು. ನಾಳೆ ಬರುವುದಿಲ್ಲ. ಅದು ಆಗ ನನಗೆ ಸರಿಯಾಗಿ ತಟ್ಟಿತು, ಕೆನ್ನೆಗೆ ಹೊಡೆದ ಹಾಗೆ.

ದೊಡ್ಡ ಮಿಸ್ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದರು. ಬೂಟು ಹಾಕಿಕೊಳ್ಳುವಷ್ಟು ವ್ಯವಧಾನ ಯಾರಿಗಿತ್ತು? ಕಾಲುಚೀಲದಲ್ಲೇ ಓಡಿದೆ. ಅಂಗಳದ ಕಲ್ಲು ಕೊರೆಯುತ್ತಿತ್ತು. ಗೇಟಿನ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದೆ. ಅವನು ಮೊದಲು ನನ್ನ ಕಾಲು ನೋಡಿದ, ಆಮೇಲೆ ಮುಖ.

"ಕೆಲಸಕ್ಕೆ ಹೋಗಿ," ಎಂದೆ, ಏದುಸಿರಲ್ಲಿ. "ಸಂಜೆ ಮನೆಗೆ ಬನ್ನಿ. ಅಮ್ಮನ ಹತ್ರ ಮಾತಾಡ್ಬೇಕು."

"ಏನಂತ?"

"ನಂಗೆ ಹೇಳಿದ್ದನ್ನೇ. ಆಗ ಗಾಬರೀಲಿ ಅರ್ಧ ಕೇಳಿಸ್ಲೇ ಇಲ್ಲ. ಇನ್ನೊಂದ್ಸಲ ಪೂರ್ತಿ ಕೇಳ್ಬೇಕು ನಂಗೆ."

ಅವನು ನನ್ನನ್ನೇ ನೋಡಿದ. ಅವನ ಕಣ್ಣು ತುಂಬಿ ಬಂದವು, ಅವನ್ನು ಒರೆಸಿಕೊಳ್ಳುವುದಕ್ಕೂ ಹೋಗಲಿಲ್ಲ. ಸಂಜೆಯವರೆಗೆ ಕಾಯುವುದು ಅವನಿಂದಲೂ ಆಗಲಿಲ್ಲವೆಂದು ಕಾಣುತ್ತದೆ. ನನ್ನೆರಡು ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಆ ಗೇಟಿನ ಹತ್ತಿರವೇ, ಮೊದಲಿನಿಂದ ಹೇಳಿದ.